ಲೇಬಲ್ ಮುದ್ರಕರಿಗೊಂದು ಕಿವಿಮಾತು

ಲೇಬಲ್ ಮುದ್ರಣಕ್ಕೆ ಹೊಸ ಯಂತ್ರ ಕೊಳ್ಳಹೊರಟವರು ಫ್ಲೆಕ್ಸೋ ಬೇಕೋ ಇಂಕ್‌ಜೆಟ್ ಬೇಕೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಎರಡೂ ಒಂದೇ ಸಾಲಿನಲ್ಲಿರುವ ಹೈಬ್ರಿಡ್ ಯಂತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಔಷಧದ ಲೇಬಲ್ಲನ್ನೇ ನೋಡಿ. 2023ರ ಆಗಸ್ಟ್ 1ರಿಂದ ನಮ್ಮ ದೇಶದಲ್ಲಿ 300 ಔಷಧ ಬ್ರ್ಯಾಂಡ್‌ಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ ಎಲ್ಲವೂ ಅದರೊಳಗಿರಬೇಕು. ಬ್ಯಾಚ್ ಬದಲಾದಾಗಲೆಲ್ಲ ಕೋಡೂ ಬದಲಾಗುತ್ತದೆ. ಫ್ಲೆಕ್ಸೋಗೆ ಪ್ರತಿ ಸಲವೂ ಹೊಸ ಪ್ಲೇಟ್ ಮಾಡಿಸುವುದು ಆಗದ ಮಾತು. ಇಂಕ್‌ಜೆಟ್‌ಗೆ ಅದು ಫೈಲಿನ ಬದಲಾವಣೆಯಷ್ಟೇ. ಪಾರದರ್ಶಕ ಫಿಲ್ಮಿನ ಮೇಲೆ ಬಿಳಿ ತಳ ಹಾಕುವಾಗ ಮಾತ್ರ ಲೆಕ್ಕ ತಿರುಗುತ್ತದೆ. ಬಿಳಿ ಶಾಯಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರವಾದ ಪುಡಿ. ಕಲಕುತ್ತಿರದಿದ್ದರೆ ತಳಕ್ಕಿಳಿಯುತ್ತದೆ, ಕೂದಲೆಳೆಗಿಂತ ಸಣ್ಣ ನಾಝಲ್‌ಗಳಲ್ಲಿ ಕಟ್ಟಿಕೊಳ್ಳುತ್ತದೆ. ಫ್ಲೆಕ್ಸೋದ ಪ್ಲೇಟ್ ಅದೇ ಬಿಳಿಯನ್ನು ಕಡಿಮೆ ಖರ್ಚಿನಲ್ಲಿ, ಒಂದೇ ಓಟದಲ್ಲಿ ಹಚ್ಚುತ್ತದೆ. ವಾರ್ನಿಷ್, ಕೋಲ್ಡ್ ಫಾಯಿಲ್‌ಗಳಿಗೂ ಈ ಮಾತು ಸಲ್ಲುತ್ತದೆ.

ಎರಡನ್ನೂ ಜೋಡಿಸಿದರೆ ನಿಧಾನದ ಘಟಕವೇ ಇಡೀ ಯಂತ್ರದ ವೇಗ ನಿರ್ಧರಿಸುತ್ತದೆ, ಒಂದು ಕೆಟ್ಟರೆ ಎಲ್ಲವೂ ನಿಲ್ಲುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಒಂದೇ ವಿನ್ಯಾಸವನ್ನು ದಿನಗಟ್ಟಲೆ ಓಡಿಸುವವರಿಗೆ ಫ್ಲೆಕ್ಸೋ ಒಂದೇ ಸಾಕು ಎಂದೇ ನನ್ನ ಅಭಿಪ್ರಾಯ. ಸಣ್ಣ ಆರ್ಡರ್‌ಗಳೇ ಹೆಚ್ಚಿರುವ ಪ್ರೆಸ್ಸಿನ ಕಥೆ ಬೇರೆ. ಅಲ್ಲಿ ಬಹುಪಾಲು ಹೊತ್ತು ಪ್ಲೇಟ್ ಕಟ್ಟಿ ರಿಜಿಸ್ಟರ್ ಕೂಡಿಸುವುದಕ್ಕೆ, ರೋಲನ್ನು ಒಂದು ಯಂತ್ರದಿಂದ ಇಳಿಸಿ ಇನ್ನೊಂದಕ್ಕೆ ಏರಿಸುವುದಕ್ಕೆ ಹೋಗುತ್ತದೆ. ಆ ಹೊತ್ತು ಉಳಿದರೆ ವೇಗದ ನಷ್ಟ ತುಂಬಿಬರುತ್ತದೆ. ಇರುವ ಫ್ಲೆಕ್ಸೋ ಗಟ್ಟಿಯಾಗಿದ್ದರೆ ಅದಕ್ಕೇ ಇಂಕ್‌ಜೆಟ್ ಘಟಕ ಕೂಡಿಸಲೂ ಬರುತ್ತದೆ. ಮುಂಗಡ ಕೊಡುವ ಮುನ್ನ ನಿಮ್ಮದೇ ಫಿಲ್ಮ್, ನಿಮ್ಮದೇ ಕೆಲಸ ಒಯ್ದು ಆ ಯಂತ್ರದಲ್ಲಿ ಓಡಿಸಿ, ಬಂದ ಕೋಡನ್ನು ಸ್ಕ್ಯಾನ್ ಮಾಡಿ ನೋಡಿ.