ಕಂತಿಗೆ ಹೋದ ಭಾನುವಾರಗಳು

ನನ್ನ ತಂಗಿಯ ಮಗ ಕಳೆದ ದಸರಾ ಹೊತ್ತಿಗೆ ದಾವಣಗೆರೆಯಲ್ಲಿ ಕ್ಯಾಮೆರಾ ತಗೊಂಡ. ಬಿಲ್ಲು 96,000 ರೂಪಾಯಿ, ನೋ ಕಾಸ್ಟ್ ಇಎಂಐ, 12/4 ಸ್ಕೀಮು. ನಾಲ್ಕು ಕಂತು ಕೌಂಟರಿನಲ್ಲೇ ಕಟ್ಟಿ, ಉಳಿದ ಎಂಟಕ್ಕೆ ನ್ಯಾಚ್, ಅಂದರೆ ಖಾತೆಯಿಂದ ತಾನಾಗಿ ಕಂತು ಕಡಿತವಾಗಲು ಒಪ್ಪಿಗೆ, ಸಹಿ ಹಾಕಿ ಬಂದ. "ಬಡ್ಡೀನೇ ಇಲ್ಲ ಮಾಮ, ಬರೀ ಕಂತು" ಎಂದ. ಹುಡುಗನಿಗೆ ಗುತ್ತಿಗೆ ಮೇಲೆ ಕಂಪ್ಯೂಟರ್ ಆಪರೇಟರ್ ಕೆಲಸ, ಕೈಗೆ ಬರುವ ಸಂಬಳ 18,000.

ಅವನ ಆಸೆ ಸಣ್ಣದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆ ಜಿಲ್ಲೆಯ ಕ್ಯಾಲೆಂಡರು, ಕರಪತ್ರ, ಸರ್ಕಾರಿ ಬ್ಯಾನರು ಯಾವುದನ್ನೇ ನೋಡಿ, ಗಾಜಿನ ಮನೆ ಇರುತ್ತದೆ, ಬೆಣ್ಣೆ ದೋಸೆ ಇರುತ್ತದೆ. 1997ರ ಆಗಸ್ಟ್ 15ರಂದು ಈ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದ್ದು. ನ್ಯಾಮತಿಯಂತೂ ಹೊನ್ನಾಳಿಯ ಮಗ್ಗುಲಲ್ಲೇ ಇದ್ದು ಮೊನ್ನೆ ಮೊನ್ನೆ ತಾಲ್ಲೂಕಾದದ್ದು. ಈ ನಾಲ್ಕನ್ನೂ ಜಿಲ್ಲೆಯ ಪಟದಲ್ಲಿ ಕಾಣಿಸಬೇಕು ಎನ್ನುವುದು ಹುಡುಗನ ಹಟ. ಕ್ಯಾಮೆರಾ ಬರುವ ಮೊದಲು ಮೊಬೈಲಿನಲ್ಲೇ ಚನ್ನಗಿರಿ ಕಡೆಯ ಸಂತೇಬೆನ್ನೂರಿನ ಹೊಂಡ ತೆಗೆಯುತ್ತಿದ್ದ. ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನಡುವೆ ವಸಂತ ಮಂಟಪ, ದಂಡೆಯಲ್ಲಿ ಮುಸಾಫಿರ್‌ಖಾನೆ. ಬೆಳಗಿನ ಜಾವ ಮೆಟ್ಟಿಲ ಮೇಲೆ ಕೂತು ಗಾಳಿ ನಿಲ್ಲುವುದನ್ನು ಕಾಯುತ್ತಾನೆ. ಗಾಳಿ ನಿಂತರೆ ನೀರಿನಲ್ಲಿ ಮಂಟಪ ತಲೆಕೆಳಗಾಗಿ ಪೂರ್ತಿ ಕಾಣುತ್ತದೆ. ಪಾಚಿ ಒಂದು ಕಡೆ ಸರಿದಿದ್ದರೆ ಕಂಬದ ಗೆರೆ ಗೆರೆಯೂ ಬೀಳುತ್ತದೆ. ಸೂಳೆಕೆರೆಯಲ್ಲಿ ಸಿದ್ದನಾಲೆಯ ತೂಬು, ಹೊನ್ನಾಳಿಯಲ್ಲಿ ಮಳೆಗಾಲದ ತುಂಗಭದ್ರೆ, ನ್ಯಾಮತಿ ಕಡೆಯ ತೀರ್ಥರಾಮೇಶ್ವರ, ಜಗಳೂರಿನಲ್ಲಿ ರಂಗಯ್ಯನದುರ್ಗದ ಕುರುಚಲು ಕಾಡು, ಇವೆಲ್ಲ ಅವನ ಪಟ್ಟಿಯಲ್ಲಿದ್ದವು. ತುಂಗಭದ್ರೆಯ ನೀರನ್ನು ಜಗಳೂರಿನ 57 ಕೆರೆಗಳಿಗೆ ಹರಿಸುವ ಯೋಜನೆಯ ಮೇಲೆ ಅವನಿಗೆ ಇನ್ನಿಲ್ಲದ ಆಸಕ್ತಿ. ಒಣಗಿದ ಕೆರೆಯನ್ನು ತೆಗೆದ ಜಾಗದಲ್ಲೇ ನಿಂತು ತುಂಬಿದ ಕೆರೆಯನ್ನೂ ತೆಗೆಯಬೇಕು, ಎರಡನ್ನೂ ಜೋಡಿಸಿ ಊರವರಿಗೆ ತೋರಿಸಬೇಕು ಎನ್ನುತ್ತಿದ್ದ. ಇಂಥ ಹುಡುಗನಿಗೆ ಒಳ್ಳೆಯ ಕ್ಯಾಮೆರಾ ಬೇಡ ಎನ್ನುವುದು ಹೇಗೆ? ನನ್ನ ತಕರಾರು ಕೊಂಡ ರೀತಿಯ ಬಗ್ಗೆ.

ಒಂದು ಬ್ಯಾಗು ಕೊಳ್ಳುವ ನೆಪದಲ್ಲಿ ಅದೇ ಅಂಗಡಿಗೆ ಅವನ ಜೊತೆ ಹೋಗಿದ್ದೆ. ಪೂರ್ತಿ ದುಡ್ಡು ಒಟ್ಟಿಗೆ ಕೊಟ್ಟರೆ ಆ ಕ್ಯಾಮೆರಾ ಎಷ್ಟಕ್ಕೆ ಎಂದು ಕೇಳಿದೆ. 90,000 ಎಂದರು, ಎರಡನೇ ಮಾತಿಲ್ಲದೆ. ಅಂದರೆ ವಸ್ತುವಿನ ಬೆಲೆ 90,000. ಉಳಿದ 6,000 ಎಲ್ಲಿಂದ ಬಂತು?

ಸೊಸೈಟಿಯಲ್ಲಿ ಸಾಲದ ಲೆಡ್ಜರು ಬರೆದು ತಲೆ ಹಣ್ಣಾದವನು ನಾನು. ಪ್ರಾಡಕ್ಟ್ ಹಾಕುವ ಹಳೆಯ ಪದ್ಧತಿಯಲ್ಲಿ ಇದನ್ನು ಬಿಡಿಸುತ್ತೇನೆ, ದಯವಿಟ್ಟು ಪೆನ್ನು ಹಿಡಿದು ಜೊತೆಗೆ ಬನ್ನಿ. ಕೌಂಟರಿನಲ್ಲಿ ನಾಲ್ಕು ಕಂತು, 8,000ದಂತೆ 32,000 ಕಟ್ಟಿದ. ಪ್ರೊಸೆಸಿಂಗ್ ಫೀ 999, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,179. 90,000ದಲ್ಲಿ ಇವೆರಡನ್ನೂ ಕಳೆಯಿರಿ: 56,821. ಅವನ ಕೈಗೆ ನಿಜವಾಗಿ ಸಿಕ್ಕ ಸಾಲ ಇಷ್ಟೇ. ವಾಪಸು ಕಟ್ಟಿದ್ದು ಎಂಟು ಕಂತು, 64,000. ವ್ಯತ್ಯಾಸ 7,179. ಇದಕ್ಕೆ ನೀವು ಯಾವ ಹೆಸರನ್ನಾದರೂ ಇಡಿ, ನಾನು ಬಡ್ಡಿ ಎನ್ನುತ್ತೇನೆ.

ಈಗ ದರ. 56,821ರ ಮೇಲೆ 7,179 ಎಂದರೆ ಶೇ 12.6 ತಾನೆ ಎಂದು ಸುಮ್ಮನಾಗುವವರೇ ಹೆಚ್ಚು. ಹಾಗಲ್ಲ. ಆ ದುಡ್ಡು ಅವನ ಹತ್ತಿರ ವರ್ಷವಿಡೀ ಇರಲಿಲ್ಲ, ಎಂಟೂ ತಿಂಗಳು ಪೂರ್ತಿಯಾಗಿಯೂ ಇರಲಿಲ್ಲ. ತಿಂಗಳು ತಿಂಗಳೂ ಕರಗುತ್ತಿತ್ತು. ಅಸಲನ್ನು ಎಂಟು ಭಾಗ ಮಾಡಿದರೆ ಒಂದು ಭಾಗ 7,103. ಮೊದಲ ತಿಂಗಳು ಎಂಟು ಭಾಗ ಬಾಕಿ, ಎರಡನೇ ತಿಂಗಳು ಏಳು, ಹೀಗೇ ಕೊನೆಗೆ ಒಂದು. ಎಂಟರಿಂದ ಒಂದರವರೆಗೆ ಕೂಡಿದರೆ 36. 7,103ನ್ನು 36ರಿಂದ ಗುಣಿಸಿದರೆ ಪ್ರಾಡಕ್ಟ್ 2,55,708. ಒಂದು ತಿಂಗಳ ಮಟ್ಟಿಗೆ ಇಷ್ಟು ಸಾಲ ತಂದ ಹಾಗೆ ಎಂದಿಟ್ಟುಕೊಳ್ಳಿ. ಅದಕ್ಕೆ ಬಡ್ಡಿ 7,179 ಆದರೆ ನೂರಕ್ಕೆ ತಿಂಗಳಿಗೆ 2 ರೂಪಾಯಿ 80 ಪೈಸೆ. ವರ್ಷಕ್ಕೆ ಶೇ 33ರ ಆಸುಪಾಸು.

ನಮ್ಮ ಹಳ್ಳಿಗಳಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ದುಡ್ಡು ಕೊಡುವವನನ್ನು ಜನ ಏನೆಂದು ಕರೆಯುತ್ತಾರೆ ಎಂಬುದು ಗೊತ್ತಿದೆಯಲ್ಲ? ಅವನ ಮನೆ ಮುಂದೆ ಹಾದುಹೋಗಲು ಅಂಜುವವರು ಎಸಿ ಅಂಗಡಿಯೊಳಗೆ ಅದೇ ದರಕ್ಕೆ ನಗುನಗುತ್ತಾ ಸಹಿ ಹಾಕಿ ಬರುತ್ತಾರೆ. ಶೂನ್ಯ ಬಡ್ಡಿ ಎನ್ನುವ ಪರಿಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಆಮೇಲೆ ಬೋರ್ಡಿನ ಮೇಲಿನ ಹೆಸರು ಬದಲಾಯಿತು, ಅಷ್ಟೇ. 2024ರ ಅಕ್ಟೋಬರ್ 1ರಿಂದ ಸಾಲದ ಮುಖ್ಯ ವಿವರಗಳ ಹಾಳೆ, ಕೆಎಫ್‌ಎಸ್, ಕಡ್ಡಾಯವಾಗಿದೆ, ಅದರಲ್ಲಿ ಎಪಿಆರ್, ಅಂದರೆ ಶುಲ್ಕವೂ ಸೇರಿದ ವಾರ್ಷಿಕ ದರ, ನೋಡಿಕೊಳ್ಳಿ ಎನ್ನುತ್ತಾರೆ. ನೋಡಲೇಬೇಕು. ಆದರೆ ನಗದು ಕೊಟ್ಟವನಿಗೆ ಅಂಗಡಿಯವರು ಬಿಡುವ 6,000 ಯಾವ ಎಪಿಆರ್‌ನಲ್ಲೂ ಕಾಣುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳಬೇಕು, ಸಹಿಗೆ ಮೊದಲೇ ಕೇಳಬೇಕು. ಈ ಸ್ಕೀಮನ್ನು ನಾನು ನಂಬುವುದಿಲ್ಲ. ಯಾರಿಗೂ ಶಿಫಾರಸು ಮಾಡುವುದೂ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಪ್ರೊಟೆಕ್ಷನ್ ಪ್ಲಾನ್ ಎಂದು ಪ್ರತ್ಯೇಕವಾಗಿ 4,800 ಯುಪಿಐನಲ್ಲಿ ಹಾಕಿಸಿಕೊಂಡಿದ್ದರು. ಮುಂಗಾರಿನಲ್ಲಿ ತೀರ್ಥರಾಮೇಶ್ವರಕ್ಕೆ ಹೋಗಿ ನೆನೆದು ಬಂದವನು ಬ್ಯಾಗನ್ನು ಹಾಗೇ ಮಂಚದ ಕೆಳಗೆ ತಳ್ಳಿದ್ದ. ಕೆಲವು ವಾರದ ಮೇಲೆ ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಒಳಗೆ, ಅಂಚಿನಿಂದ ನಡುವಿಗೆ, ಜೇಡರ ಎಳೆಯಂಥ ಬಿಳಿ ಕವಲುಗಳು. ಫಂಗಸ್ಸು. ಪ್ಲಾನಿನವರು ಫಂಗಸ್ಸು ನಮ್ಮಲ್ಲಿ ಬರುವುದಿಲ್ಲ ಎಂದರು; ಕರಾರಿನ ಹಿಂಬದಿಯ ಸಣ್ಣ ಅಕ್ಷರದಲ್ಲಿ ಅದು ಇತ್ತು ಕೂಡ. ಅಡಿಗೆ ಮನೆಯ ಗಾಳಿಯಾಡದ ಡಬ್ಬಿ ಒಂದು, ಸಿಲಿಕಾ ಜೆಲ್ ಪೊಟ್ಟಣ ನಾಲ್ಕು, 300 ರೂಪಾಯಿ ಒಳಗೆ ಆಗುವ ಕೆಲಸಕ್ಕೆ 4,800 ಕೊಟ್ಟೂ ರಕ್ಷಣೆ ಇಲ್ಲ. ಸಿಟ್ಟು ಬರದೆ ಇರುತ್ತದೆಯೇ?

ಆದರೆ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ ಖರ್ಚು ಬೇರೆ. ಸಂಬಳ 18,000, ಕಂತು 8,000, ಮನೆಗೆ ಕೊಡುವುದು 6,000. ಉಳಿದದ್ದರಲ್ಲಿ ಬೈಕಿನ ಪೆಟ್ರೋಲು, ಊಟ. ಹಾಗಾಗಿ ಕ್ಯಾಮೆರಾ ತನ್ನ ಕಂತನ್ನು ತಾನೇ ದುಡಿಯಲಿ ಎಂದು ಒಬ್ಬ ಸ್ಟುಡಿಯೊದವರ ಕೈಕೆಳಗೆ ದಿನಕ್ಕೆ 1,500ಕ್ಕೆ ಹೋಗತೊಡಗಿದ. ಗೃಹಪ್ರವೇಶ, ಸೀಮಂತ, ನಾಮಕರಣ, ಆರತಕ್ಷತೆ. ಮದುವೆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ, ಅದರಲ್ಲೇ ಬದುಕು ಕಟ್ಟಿಕೊಂಡ ಎಷ್ಟೋ ಮಂದಿ ನಮ್ಮ ಪೇಟೆಯಲ್ಲಿದ್ದಾರೆ. ಆದರೆ ಅವರು ಆ ಕೆಲಸ ಬಯಸಿ ಹಿಡಿದವರು. ಇವನು ಕೆರೆ ತೆಗೆಯಲೆಂದು ಕ್ಯಾಮೆರಾ ಕೊಂಡು, ಕ್ಯಾಮೆರಾದ ಸಾಲಕ್ಕೆಂದು ಕೆರೆ ಬಿಟ್ಟವನು. ಜಗಳೂರು ಕಡೆ ಕೆರೆಗಳಲ್ಲಿ ನೀರು ನಿಂತಿದ್ದ ಆ ಚಳಿಗಾಲದ ಭಾನುವಾರಗಳಲ್ಲಿ ಹೊನ್ನಾಳಿಯ ಕಲ್ಯಾಣ ಮಂಟಪದ ವೇದಿಕೆ ಪಕ್ಕ ಫ್ಲ್ಯಾಶ್ ಹಿಡಿದು ನಿಂತಿದ್ದ. ಬೇಸಿಗೆ ಹೊತ್ತಿಗೆ ಕಂತು ಮುಗಿಯುತ್ತಾ ಬಂದಿತ್ತು, ನೀರು ಇಳಿದಿತ್ತು.

ಒಂದು ಸಲ ಮಾತ್ರ ಹಟ ಹಿಡಿದ. ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ. ಎಲ್ಲೆಲ್ಲಿಂದಲೋ ಬಂಜಾರ ಜನ ನಡೆದು ಬರುತ್ತಾರೆ. ಎರಡು ದಿನದ ಮದುವೆ ಕೆಲಸ, 3,000 ರೂಪಾಯಿ, ಒಲ್ಲೆ ಎಂದು ಬಿಟ್ಟು ಅಲ್ಲಿಗೆ ಹೋದ. ಅಲ್ಲಿ ತೆಗೆದ ಒಂದು ಚಿತ್ರ ನನ್ನ ಮೇಜಿನ ಮೇಲಿದೆ: ಒಬ್ಬ ಅಜ್ಜಿಯ ಕಸೂತಿ ಕುಪ್ಪಸದ ಕನ್ನಡಿ ಚೂರುಗಳಲ್ಲಿ ಒಂದೊಂದರಲ್ಲೂ ಪುಟ್ಟ ಸೂರ್ಯ. ಆ ತಿಂಗಳ ಸಂಬಳ ತಡವಾಯಿತು, 5ನೇ ತಾರೀಕಿನ ನ್ಯಾಚ್ ಬೌನ್ಸ್ ಆಯಿತು. ಬ್ಯಾಂಕಿನವರು 590, ಸಾಲದ ಕಂಪನಿಯವರು 500 ಹಿಡಿದರು. ಸಿಬಿಲ್‌ನಲ್ಲಿ ಒಂದು ಗುರುತೂ ಬಿತ್ತು. ಆದರೂ ಆ ಮೂರು ಸಾವಿರ ಬಿಟ್ಟದ್ದು ಸರಿ ಎಂದೇ ನಾನು ಅವನಿಗೆ ಹೇಳಿದ್ದೇನೆ.

ಈಗ ಕೂಡಿಸಿ. ಬಡ್ಡಿ 7,179, ಪ್ಲಾನು 4,800, ಬೌನ್ಸು 1,090: ಒಟ್ಟು 13,069. ಚನ್ನಗಿರಿಯಿಂದ ಜಗಳೂರಿಗೆ ದಾವಣಗೆರೆ ಮೇಲೆ ಬೈಕಿನಲ್ಲಿ ಹೋಗಿಬಂದರೆ 200 ಕಿ.ಮೀ. ದಾಟುತ್ತದೆ. ಪೆಟ್ರೋಲು, ಮಂಡಕ್ಕಿ ಮಿರ್ಚಿ, ಚಹಾ ಸೇರಿ 700 ರೂಪಾಯಿ ಹಿಡಿಯಿರಿ. ಹದಿನೆಂಟು ಸಲ ಹೋಗಿಬರಬಹುದಾಗಿದ್ದ ದುಡ್ಡು ಅದು.

ಬೇರೆ ದಾರಿ ಇರಲಿಲ್ಲವೇ ಎಂದರೆ ಇತ್ತು. ತಂಗಿಯ ಬಳೆ ಬ್ಯಾಂಕಿನಲ್ಲಿಟ್ಟು ಶೇ 9.5ಕ್ಕೆ ಚಿನ್ನದ ಸಾಲ ತೆಗೆದಿದ್ದರೆ ಅದೇ ಪ್ರಾಡಕ್ಟಿಗೆ ಬಡ್ಡಿ 2,024 ಆಗುತ್ತಿತ್ತು. ಕಂತು ಕಟ್ಟುವ ದುಡ್ಡನ್ನೇ ಏಳೆಂಟು ತಿಂಗಳು ಆರ್‌ಡಿಗೆ ಹಾಕಿದ್ದರೆ ಬಡ್ಡಿ ಕೊಡುವ ಬದಲು ಪಡೆಯುತ್ತಿದ್ದ. ಒಂದು ಕೈ ಬಳಸಿದ ಬಾಡಿ, ಹೊಸ ಲೆನ್ಸು ತಗೊಂಡಿದ್ದರೆ ಸಾಲವೇ ಬೇಕಿರಲಿಲ್ಲ.

ಸಂಖ್ಯೆಗಳಿಗಿಂತ ನನಗೆ ಹೆಚ್ಚು ಚಿಂತೆ ಅಭ್ಯಾಸದ್ದು. ಕ್ಯಾಮೆರಾದ ಸಾಲ ತೀರಿದ ತಿಂಗಳೇ ಉದ್ದದ ಲೆನ್ಸಿನ ಮಾತು ಶುರುವಾಯಿತು. ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಧಾಮವಾದ ಕಾಡು, ಸುಮಾರು 77 ಚದರ ಕಿ.ಮೀ. ಗಂಡಿಗೆ ನಾಲ್ಕು ಕೊಂಬಿರುವ ಆ ಪ್ರಾಣಿ ಸಂಕೋಚದ್ದು, ಮನುಷ್ಯರ ಸುಳಿವು ಸಿಕ್ಕರೆ ಪೊದೆಯಿಂದ ಪೊದೆಗೆ ಮಾಯ. 600 ಎಂಎಂ ಲೆನ್ಸ್ ಇಲ್ಲದೆ ಆಗುವುದಿಲ್ಲ ಎನ್ನುತ್ತಾನೆ. ಲೆನ್ಸಿಗೆ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಡು ಗೊತ್ತಿರುವವರ ಜೊತೆ ಬೇಕು, ಬಿಡುವು ಬೇಕು. ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆ ಅವರನ್ನು ಅವನಿಗೆ ನೆನಪಿಸುತ್ತಿರುತ್ತೇನೆ. ದೇವರಾಜ ಅರಸು ಕಾಲದಲ್ಲಿ ರಾಜ್ಯದ ಹಣಕಾಸು ಮಂತ್ರಿ, ಜೊತೆಗೆ ಕಪ್ಪು ಬಿಳುಪಿನಲ್ಲಿ ಕಾಡುಪ್ರಾಣಿಗಳನ್ನು ತೆಗೆದ ದೊಡ್ಡ ಛಾಯಾಗ್ರಾಹಕ. ಅವರು ರಾಜಮನೆತನದವರು, ದುಡ್ಡಿನ ಪ್ರಶ್ನೆ ಇರಲಿಲ್ಲ, ನಿಜ. ಆದರೂ ಆ ಕಾಲದ ರೀಲಿನಲ್ಲಿ 36 ಚಿತ್ರ, ಮುಗಿದರೆ ಮುಗಿಯಿತು. ಬಟನ್ ಒತ್ತುವ ಮೊದಲು ಎಲ್ಲರೂ ಕಾಯುವುದನ್ನು ಕಲಿಯುತ್ತಿದ್ದರು. ನಮ್ಮವನ ಹಾರ್ಡ್‌ಡಿಸ್ಕ್ ತುಂಬಿದೆ, ಇನ್ನೊಂದು ಬೇಕಂತೆ. ವಾರಕ್ಕೊಮ್ಮೆ ಕೂತು ಬೇಡದ್ದನ್ನು ಅಳಿಸು, ಇನ್ನೊಂದು ಡಿಸ್ಕಿನ ದುಡ್ಡು ಉಳಿಯುತ್ತದೆ ಎಂದಿದ್ದೇನೆ. ಲೆನ್ಸಿಗೆಂದು ತಿಂಗಳಿಗೆ 2,500ರ ಆರ್‌ಡಿ ಮಾಡಿಸಿದ್ದೇನೆ. ಅಲ್ಲಿಯವರೆಗೆ ಬೇಕಾದಾಗ ಬಾಡಿಗೆಗೆ ತರಲಿ. ಸ್ಟುಡಿಯೊ ಕೆಲಸ ತಿಂಗಳಿಗೆ ಒಂದೇ ಭಾನುವಾರ ಎಂದು ಅವನೇ ಗೆರೆ ಹಾಕಿಕೊಂಡಿದ್ದಾನೆ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತ ಆಗಿಲ್ಲ. ತೆಗೆದ ಒಳ್ಳೊಳ್ಳೆಯ ಚಿತ್ರಗಳನ್ನೆಲ್ಲ ಅವನು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕುತ್ತಾನೆ. ಅಲ್ಲಿ ವಾಣಿಜ್ಯ ಬಳಕೆ ಬೇಡ ಎಂಬ ಷರತ್ತು ಹಾಕುವಂತಿಲ್ಲ. ಹೆಸರು ಹಾಕಿ ಯಾರು ಬೇಕಾದರೂ ಮುದ್ರಿಸಬಹುದು, ಮಾರಬಹುದು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಛಾಯಾಚಿತ್ರದ ಹಕ್ಕು ತೆಗೆದವನ ಜೀವಮಾನವಿಡೀ, ಅವನ ನಂತರವೂ 60 ವರ್ಷ ಉಳಿಯುತ್ತದೆ, ಅದೊಂದು ಆಸ್ತಿ, ಅದನ್ನು ಹೀಗೆ ಹಂಚಬೇಡ ಎನ್ನುವುದು ನನ್ನ ವಾದ. ಸಣ್ಣ ಸೈಜಿನದನ್ನು ಅಲ್ಲಿಗೆ ಹಾಕು, ದೊಡ್ಡ ಫೈಲು ನಿನ್ನ ಹತ್ತಿರ ಇರಲಿ. ಕ್ಯಾಲೆಂಡರಿನವರು ಬಂದರೆ ಬಿಲ್ ಹಾಕಿ ಕೊಡು ಎಂದೆ. "ಮಾಮ, ನಮ್ಮ ತಾಲ್ಲೂಕಿನ ಎಷ್ಟು ಊರಿಗೆ ಒಂದು ಫೋಟೊನೂ ಇಲ್ಲ ನೋಡಿದ್ದೀರಾ? ಬಿಲ್ ಹಾಕ್ತೀನಿ ಅಂದ್ರೆ ಮತ್ತೆ ಗಾಜಿನ ಮನೇನೇ ಹಾಕ್ತಾರೆ" ಎಂದ. ಹೊಂಡದ ಚಿತ್ರವನ್ನು ಪೂರ್ತಿ ಸೈಜಿನಲ್ಲೇ ಹಾಕಿದ. ಜಗಳೂರಿನ ಕೆರೆಯದ್ದಕ್ಕಾದರೂ ಬಿಲ್ ಮಾಡಿಸಬೇಕೆಂದು ನಾನು ಇನ್ನೂ ವಾದಿಸುತ್ತಿದ್ದೇನೆ.