ಕೊಂಡ ವಸ್ತು ಕೆಟ್ಟರೆ

ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವವರು ಅದನ್ನು ಬೆರಳಿನಿಂದ ಬಡಿದು ನೋಡುತ್ತಾರೆ. ನಾದವು ಸರಿಯಾಗಿದ್ದರೆ ಗಡಿಗೆ ಗಟ್ಟಿ. ಇಲ್ಲವಾದರೆ ಎಲ್ಲಿಯೋ ಬಿರುಕಿದೆಯೆಂದು ತಿಳಿಯುತ್ತದೆ. ಆದರೆ ಫ್ರಿಜ್ಜನ್ನು ಬಡಿದು ನೋಡುವುದು ಹೇಗೆ? ಅದರ ಗುಣದೋಷಗಳೆಲ್ಲ ಒಳಗೆ ಅಡಗಿರುತ್ತವೆ. ಮಾಡಿದವರಿಗೆ ಅವು ತಿಳಿದಿರಬಹುದು, ಕೊಂಡವರಿಗೆ ತಿಳಿಯವು. ಆದುದರಿಂದಲೇ ಕೊಂಡವರ ರಕ್ಷಣೆಗೆ ಕಾಯಿದೆ ಬೇಕಾಯಿತು. ಅದರ ಸ್ವರೂಪವನ್ನು ನಮ್ಮ ಮನೆಯ ಒಂದು ಅನುಭವದ ಮೂಲಕ ವಿಚಾರಿಸೋಣ.

ನಮ್ಮ ವಾಸ ಪುಣೆಯ ಪೂರ್ವಭಾಗದಲ್ಲಿ, ಮುಳಾ-ಮುಠಾ ನದಿಗೆ ಸಮೀಪದ ಖರಾಡಿಯಲ್ಲಿ. ಕಳೆದ ಬೇಸಗೆಯಲ್ಲಿ ಮನೆಮಂದಿಯೆಲ್ಲ ಊರಿಗೆ ಹೋಗಿ ಮೂರು ದಿನಗಳ ಮೇಲೆ ಮರಳಿದೆವು. ಕೊಂಡು ಎಂಟು ತಿಂಗಳೂ ತುಂಬದ ಫ್ರಿಜ್ಜು ತಣ್ಣಗಾಗುವುದನ್ನು ನಿಲ್ಲಿಸಿತ್ತು. ಹಾಲು ಕೆಟ್ಟುದಕ್ಕೆ ನಾವು ಮರುಗಲಿಲ್ಲ. ಅಜ್ಜಿಯವರ ಇನ್ಸುಲಿನ್ ಸೀಸೆಗಳೆರಡು ಅದರಲ್ಲಿದ್ದವು. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡತಕ್ಕದ್ದು. ವೈದ್ಯರ ಸಲಹೆಯಂತೆ ಅವೆರಡನ್ನೂ ಬಿಸುಟು ಹೊಸ ಸೀಸೆಗಳನ್ನು ತಂದು ನೆರೆಮನೆಯವರ ಫ್ರಿಜ್ಜಿನಲ್ಲಿ ಇರಿಸಿದೆವು.

ಅಂಗಡಿಯವರು, "ಮಾರುವುದಷ್ಟೇ ನಮ್ಮ ಕೆಲಸ, ಕಂಪನಿಯವರನ್ನು ಕೇಳಿರಿ" ಎಂದರು. ಕಂಪನಿಯಿಂದ ಬಂದ ರಿಪೇರಿಯವರು, "ವಿದ್ಯುತ್ತಿನ ಏರಿಳಿತದಿಂದ ಕೆಟ್ಟಿದೆ, ಇದಕ್ಕೆ ವಾರಂಟಿ ಸಲ್ಲದು" ಎಂದು ಹೇಳಿ ಹೊರಟುಹೋದರು. ಯಾರ ಮಾತನ್ನು ನಂಬುವುದು?

ಗ್ರಾಹಕನಿಗೂ ಹಕ್ಕುಗಳುಂಟೆಂಬ ವಿಚಾರವನ್ನು ಅಮೆರಿಕದ ಅಧ್ಯಕ್ಷ ಕೆನೆಡಿಯವರು 1962ನೆಯ ಮಾರ್ಚ್ 15ರಂದು ತಮ್ಮ ಸಂಸತ್ತಿನ ಮುಂದಿಟ್ಟರು. ನಮ್ಮ ಪುಣೆಯಲ್ಲಿಯೇ 1974ರಲ್ಲಿ ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತವನ್ನು ಆರಂಭಿಸಿದರು. 1986ರಲ್ಲಿ ಭಾರತದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆಯು 2020ನೆಯ ಜುಲೈ 20ರಿಂದ ಜಾರಿಯಲ್ಲಿದೆ.

ವಸ್ತುವಿನ ಗುಣ, ಪ್ರಮಾಣ, ಶುದ್ಧತೆ ಮೊದಲಾದವುಗಳಲ್ಲಿ ಇರಬೇಕಾದುದಕ್ಕಿಂತ ಕೊರತೆಯಿದ್ದರೆ ಅದನ್ನು ಈ ಕಾಯಿದೆಯು ದೋಷವೆಂದು ಕರೆಯುತ್ತದೆ. ದೋಷವು ಸಿದ್ಧವಾದಲ್ಲಿ ಅದನ್ನು ಸರಿಪಡಿಸಲು, ವಸ್ತುವನ್ನು ಬದಲಾಯಿಸಿಕೊಡಲು, ಹಣವನ್ನು ಹಿಂದಿರುಗಿಸಲು, ಉಂಟಾದ ನಷ್ಟವನ್ನು ತುಂಬಿಕೊಡಲು ಗ್ರಾಹಕ ಆಯೋಗವು ಆಜ್ಞಾಪಿಸಬಹುದು. ದೂರಿನಲ್ಲಿ ಮಾರಿದವರನ್ನೂ ತಯಾರಿಸಿದವರನ್ನೂ ಎದುರುಪಕ್ಷವಾಗಿ ಸೇರಿಸಬಹುದು. ಆದರೆ ಕೆಟ್ಟುದೆಲ್ಲವೂ ಕಾಯಿದೆಯ ದೋಷವಲ್ಲ. ನಮ್ಮ ಅಜಾಗರೂಕತೆಯಿಂದ ಕೆಟ್ಟರೆ ಅದಕ್ಕೆ ಅವರು ಹೊಣೆಯಲ್ಲ. ಯಾವುದು ನಿಜವೆಂದು ನಿರ್ಣಯಿಸಲು ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಲ್ಲದು. ಆದುದರಿಂದ ರಿಪೇರಿಯವರ ಬಾಯಿಮಾತೇ ಕೊನೆಯ ತೀರ್ಪಲ್ಲ.

ಕ್ರಮವು ಹೀಗಿದೆ. ಮೊದಲು ಮಾರಿದವರಿಗೂ ಕಂಪನಿಗೂ ಬರೆದು ದೂರು ಕೊಡಬೇಕು. ದೂರಿನ ಸಂಖ್ಯೆಯನ್ನು ಕಾಪಾಡಿಕೊಳ್ಳಬೇಕು. ಫಲಿಸದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿಗಳನ್ನು ಮೀರದ ವ್ಯವಹಾರಗಳು ಅದರ ವ್ಯಾಪ್ತಿಗೆ ಬರುತ್ತವೆ. 5 ಲಕ್ಷದವರೆಗೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಯಾವ ಊರಿನಲ್ಲಿದ್ದರೂ ಖರಾಡಿಯವರು ಪುಣೆಯಲ್ಲಿಯೇ ದೂರು ಕೊಡಬಹುದು. ವಕೀಲರನ್ನು ಇಡಲೇಬೇಕೆಂಬ ಕಟ್ಟಿಲ್ಲ. ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲತಕ್ಕದ್ದು. ಪರೀಕ್ಷೆ ಬೇಡವಾದರೆ ಮೂರು ತಿಂಗಳು, ಬೇಕಾದರೆ ಐದು ತಿಂಗಳುಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದೂ ಉಂಟು.

ನಾವು ಆಯೋಗದವರೆಗೆ ಹೋಗಬೇಕಾಗಲಿಲ್ಲ. "ವಾರಂಟಿ ಸಲ್ಲದೆಂಬುದಕ್ಕೆ ಕಾರಣವನ್ನು ಬರಹದಲ್ಲಿ ಕೊಡಿರಿ" ಎಂದು ಕಂಪನಿಗೆ ಪತ್ರ ಬರೆದು, ರಸೀದಿಯ ಪ್ರತಿಯನ್ನು ಲಗತ್ತಿಸಿದೆವು. ಬಾಯಲ್ಲಿ ಹೇಳಿದುದನ್ನು ಬರೆದುಕೊಡಲು ಯಾರೂ ಮುಂದಾಗಲಿಲ್ಲ. ಬದಲಾಗಿ ಬೇರೊಬ್ಬ ತಂತ್ರಜ್ಞರು ಬಂದು ಪರೀಕ್ಷಿಸಿದರು. ಕೊಳವೆಯ ಬೆಸುಗೆಯಲ್ಲಿ ಗ್ಯಾಸ್ ಸೋರುತ್ತಿತ್ತು. ವಿದ್ಯುತ್ತಿನ ತಪ್ಪು ಏನೂ ಇರಲಿಲ್ಲ. ಒಂಬತ್ತನೆಯ ದಿನ ಫ್ರಿಜ್ಜು ಖರ್ಚಿಲ್ಲದೆ ಸರಿಯಾಯಿತು. ಆದರೆ ಬಿಸುಟ ಇನ್ಸುಲಿನ್ನಿನ ಬೆಲೆಯನ್ನು ಕೇಳಲು ನಮ್ಮಲ್ಲಿ ಔಷಧದಂಗಡಿಯ ರಸೀದಿ ಇರಲಿಲ್ಲ. ಫ್ರಿಜ್ಜಿನ ರಸೀದಿಯನ್ನು ಜೋಪಾನ ಮಾಡಿದ್ದ ನಾವು ಔಷಧದ ರಸೀದಿಯನ್ನು ಕಸಕ್ಕೆ ಹಾಕಿದ್ದೆವು. ಆ ನಷ್ಟ ನಮ್ಮದಾಗಿಯೇ ಉಳಿಯಿತು.

ಹಕ್ಕು ಕಾಯಿದೆಯಲ್ಲಿದ್ದರೂ ಅದರ ಆಧಾರವು ನಮ್ಮ ಮನೆಯ ಕಾಗದಗಳಲ್ಲಿದೆ. ಅಜ್ಜಿಯವರಿಗೆ ಕನ್ನಡದ ಹೊರತು ಬೇರೆ ಭಾಷೆ ಬಾರದು. ವಾರಂಟಿಯಾದರೋ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರುತ್ತದೆ. ಅದನ್ನು ಓದಿ ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸುವುದು ವಿದ್ಯಾರ್ಥಿಗಳಾದ ನಿಮ್ಮ ಕರ್ತವ್ಯವಲ್ಲವೆ?

ಅಭ್ಯಾಸ: ನಿಮ್ಮ ಮನೆಯ ಮೂರು ವಿದ್ಯುತ್ ಉಪಕರಣಗಳ ಹೆಸರು, ಕೊಂಡ ದಿನಾಂಕ, ವಾರಂಟಿ ಮುಗಿಯುವ ದಿನಾಂಕ ಮತ್ತು ರಸೀದಿ ಇರುವ ಸ್ಥಳವನ್ನು ಒಂದು ವಹಿಯಲ್ಲಿ ಬರೆಯಿರಿ. ವಾರಂಟಿಗೆ ಒಳಪಡದ ಸಂಗತಿಗಳು ಯಾವುವೆಂಬುದನ್ನು ಓದಿ ಹಿರಿಯರಿಗೆ ಹೇಳಿರಿ.