ಊರಿನ ಹಂಬಲ ಮತ್ತು ಮನೆಯ ಕಂಪ್ಯೂಟರ್

ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ ಕೆಲವು ವರ್ಷ, ಆಮೇಲೆ ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ಬಹಳ ವರ್ಷ. ನನ್ನ ಅಮೆರಿಕದ ಬದುಕೆಲ್ಲ ಈ ಎರಡು ಊರುಗಳಲ್ಲೇ ಕಳೆದಿದೆ. ಸಾಫ್ಟ್‌ವೇರ್ ಕೆಲಸದವನಾದ್ದರಿಂದ ಪರಿಚಯದ ಕನ್ನಡ ಮನೆಗಳಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಮೊದಲ ಫೋನು ನನಗೇ ಬರುತ್ತದೆ. ಅಲ್ಲಿನ ಪಂಪ ಕನ್ನಡ ಕೂಟದ ಯುಗಾದಿಯಿರಲಿ, ಇಲ್ಲಿನ ವಿದ್ಯಾರಣ್ಯ ಕನ್ನಡ ಕೂಟದ ದೀಪಾವಳಿಯಿರಲಿ, ಊಟದ ಸಾಲಿನಲ್ಲಿ ಯಾರಾದರೂ ಪಕ್ಕಕ್ಕೆ ಕರೆದು, "ಸ್ವಲ್ಪ ನಮ್ಮನೆ ಕಂಪ್ಯೂಟರ್ ನೋಡ್ತೀರಾ?" ಎಂದು ಕೇಳುವುದು ರೂಢಿ. ಹೀಗೆ ನೋಡುತ್ತ ಬಂದವನಿಗೆ ಒಂದು ಸಂಗತಿ ಖಚಿತವಾಗಿದೆ. ನಮ್ಮ ಮನೆಗಳಿಗೆ ಕುತಂತ್ರಾಂಶ ಬರುವುದು ಹೆಚ್ಚಾಗಿ ನಮಗೆ ಬೇಕಾದದ್ದರ ಬೆನ್ನೇರಿ. ಊರಿನ ಸುದ್ದಿ, ಹಾಡು, ಧಾರಾವಾಹಿ, ಮದುವೆಯ ಫೋಟೊ ಇವೇ ಅದರ ವಾಹನಗಳು. ಹಂಬಲಿಸಿದ್ದು ಕಣ್ಣೆದುರು ಬಂದಾಗ ಯಾರೂ ಅನುಮಾನಿಸುತ್ತ ಕೂರುವುದಿಲ್ಲ. ಆದ್ದರಿಂದ ಆ ಕ್ಷಣದ ಎಚ್ಚರವನ್ನು ನೆಚ್ಚಿಕೊಳ್ಳದೆ, ಮೊದಲೇ ಮಾಡಿಟ್ಟ ವ್ಯವಸ್ಥೆಯನ್ನು ನೆಚ್ಚಿಕೊಳ್ಳಬೇಕು.

2000ನೇ ಇಸವಿಯಿಂದಲೇ ಹೇಳುತ್ತೇನೆ. ಆ ವರ್ಷ ಮೇ 4ರಂದು ‘ಐ ಲವ್ ಯೂ’ ಎಂಬ ಶೀರ್ಷಿಕೆಯ ಇಮೇಲ್ ಜಗತ್ತನ್ನೆಲ್ಲ ಸುತ್ತಿತು. ಡೆಟ್ರಾಯಿಟ್ ಸೆರಗಿನ ಡಿಯರ್‌ಬಾರ್ನ್‌ನಲ್ಲಿರುವ ಫೋರ್ಡ್ ಕಂಪನಿ ತನ್ನ ಇಮೇಲ್ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಪತ್ರ ಬರುತ್ತಿದ್ದದ್ದು ಗುರುತಿನವರ ವಿಳಾಸದಿಂದಲೇ. ಲಗತ್ತಿನ ಹೆಸರಿನ ಕೊನೆಯಲ್ಲಿ ‘ಟಿಎಕ್ಸ್‌ಟಿ’ ಎಂದಿದ್ದದ್ದನ್ನು ಕಂಡು ಎಲ್ಲರೂ ಬರೀ ಅಕ್ಷರಗಳ ಕಡತ ಎಂದುಕೊಂಡರು. ಅದರಾಚೆ ‘ವಿಬಿಎಸ್’ ಎಂಬ ಇನ್ನೊಂದು ಬಾಲವಿತ್ತು. ಅದು ಪ್ರೋಗ್ರಾಂ ಎಂಬುದರ ಗುರುತೇ ಆ ಬಾಲ. ಆದರೆ ವಿಂಡೋಸ್ ಆ ಕೊನೆಯ ಬಾಲವನ್ನು ತೋರಿಸದೆ ಬಚ್ಚಿಡುತ್ತಿತ್ತು. ಪತ್ರ ತೆರೆದವರ ಮನೆಯಲ್ಲಿ ಜೆಪೆಗ್ ಫೋಟೊಗಳ ಮೇಲೆ ವೈರಸ್ ತನ್ನನ್ನೇ ಬರೆದುಕೊಂಡು ಕೂತಿತು. ಅವತ್ತಿನಿಂದ ಯಾರ ಕಂಪ್ಯೂಟರ್ ಮುಟ್ಟಿದರೂ ನಾನು ಮೊದಲು ಮಾಡುವ ಕೆಲಸ, ಕಡತದ ಹೆಸರು ಪೂರ್ತಿಯಾಗಿ, ಬಾಲಸಮೇತ ಕಾಣುವಂತೆ ಮಾಡುವುದು. ವಿಂಡೋಸ್ 11ರಲ್ಲೂ ಅದನ್ನು ನಾವೇ ಆರಿಸಿಕೊಳ್ಳಬೇಕು.

ಅದೇ ವರ್ಷ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರ ಅಪಹರಣವಾಯಿತು. ಅವರು ಬಿಡುಗಡೆಯಾಗುವವರೆಗಿನ 108 ದಿನವೂ ಇಲ್ಲಿನ ಕನ್ನಡಿಗರಿಗೆ ಕಂಪ್ಯೂಟರೇ ಊರಿನ ಕಿಟಕಿ. ಆಗ ಕನ್ನಡ ಯೂನಿಕೋಡ್ ಬಳಕೆಗೆ ಬಂದಿರಲಿಲ್ಲ. ಒಂದೊಂದು ಪತ್ರಿಕೆಯ ತಾಣಕ್ಕೂ ಒಂದೊಂದು ಫಾಂಟ್ ಬೇಕು, ಇಳಿಸಿಕೊಳ್ಳದಿದ್ದರೆ ಪುಟದ ತುಂಬ ಅರ್ಥವಾಗದ ಚಿಹ್ನೆಗಳು. ‘ಇನ್‌ಸ್ಟಾಲ್ ಮಾಡಲೇ?’ ಎಂಬ ಪ್ರಶ್ನೆ ಬಂದದ್ದೇ ತಡ ‘ಓಕೆ’ ಒತ್ತುವುದು ನಮ್ಮ ಬೆರಳಿಗೆ ಅಭ್ಯಾಸವಾಯಿತು. ಆ ಫಾಂಟುಗಳಿಂದ ಕೇಡಾಯಿತೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಬೆರಳು ಮುಂದೆ ಪುಕ್ಕಟೆ ಹಾಡಿನ ತಾಣದಲ್ಲಿ, ಕದ್ದ ಸಿನಿಮಾ ತೋರಿಸುವ ತಾಣದಲ್ಲಿ, ‘ಈ ಪ್ಲೇಯರ್ ಹಾಕಿಕೊಂಡರೆ ಮಾತ್ರ ಚಿತ್ರ ಕಾಣುತ್ತದೆ’ ಎಂಬ ಮಾತಿಗೂ ‘ಓಕೆ’ ಒತ್ತಿತು. ನಾನು ಸ್ವಚ್ಛ ಮಾಡಿದ ಕಂಪ್ಯೂಟರುಗಳಲ್ಲಿ ಅರ್ಧಕ್ಕರ್ಧ ಇಂಥವೇ. ಇವತ್ತು ಕನ್ನಡ ಓದಲು, ನೋಡಲು ಹೊಸದಾಗಿ ಏನನ್ನೂ ಹಾಕಿಕೊಳ್ಳುವ ಅಗತ್ಯವಿಲ್ಲ. ಹಾಕಿಕೊಳ್ಳಿ ಎಂದು ತಾಣವೇ ಒತ್ತಾಯಿಸಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

2003ರ ಆಗಸ್ಟ್ ನಾನು ಮರೆಯಲಾರದ ತಿಂಗಳು. 11ರಂದು ‘ಬ್ಲಾಸ್ಟರ್’ ಎಂಬ ಹುಳು ಹರಡತೊಡಗಿತು. ಇದಕ್ಕೆ ಯಾರೂ ಇಮೇಲ್ ತೆರೆಯಬೇಕಿರಲಿಲ್ಲ, ವಿಂಡೋಸ್ ಎಕ್ಸ್‌ಪಿ ಅಥವಾ 2000 ಇರುವ ಕಂಪ್ಯೂಟರ್ ಅಂತರಜಾಲಕ್ಕೆ ತಗುಲಿಕೊಂಡಿದ್ದರೆ ಸಾಕಾಗಿತ್ತು. ಪರದೆಯ ಮೇಲೊಂದು ಪೆಟ್ಟಿಗೆ ತೆರೆದುಕೊಂಡು, ಅರವತ್ತು ಸೆಕೆಂಡಿನಿಂದ ಕೆಳಗೆಣಿಸಿ ಕಂಪ್ಯೂಟರ್ ತಾನಾಗಿ ಆರಿ ಹೊತ್ತಿಕೊಳ್ಳುತ್ತಿತ್ತು. ಮೂರು ದಿನ ಕಳೆದು 14ರ ಸಂಜೆ ನಾಲ್ಕು ದಾಟಿದ ಮೇಲೆ ಡೆಟ್ರಾಯಿಟ್ ಕತ್ತಲಾಯಿತು. ಅಮೆರಿಕದ ಎಂಟು ರಾಜ್ಯಗಳು ಮತ್ತು ಕೆನಡಾದ ಒಂಟಾರಿಯೊ ಸೇರಿ ಸುಮಾರು ಐದು ಕೋಟಿ ಜನಕ್ಕೆ ವಿದ್ಯುತ್ ಇಲ್ಲ. ಶಿಕಾಗೊದಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಹುಳುವೇ ವಿದ್ಯುತ್ ಜಾಲವನ್ನು ತಿಂದಿತೆಂಬ ಮಾತು ನಮ್ಮ ನೆರೆಯಲ್ಲೆಲ್ಲ ಹಬ್ಬಿತು. ಅಮೆರಿಕ ಮತ್ತು ಕೆನಡಾ ಜಂಟಿಯಾಗಿ ನಡೆಸಿದ ತನಿಖೆಗೆ ಅಂಥ ಪುರಾವೆ ಸಿಗಲಿಲ್ಲ. ಓಹಾಯೊದಲ್ಲಿ ಮರಗಳಿಗೆ ತಾಗಿದ ತಂತಿಗಳು, ಸದ್ದಿಲ್ಲದೆ ಕೆಟ್ಟು ನಿಂತಿದ್ದ ಎಚ್ಚರಿಕೆ ವ್ಯವಸ್ಥೆ, ಇವೇ ಮೂಲವೆಂದು ಅದು ಹೇಳಿತು.

ಕರೆಂಟು ಮರಳಿದ ಮೇಲೆ ಕಂಪ್ಯೂಟರ್ ಹಚ್ಚಿದ ಮನೆಗಳಲ್ಲಿ ಆ ಎಣಿಕೆ ಶುರುವಾಯಿತು. ಫೋನಿನಲ್ಲೇ ಹೇಳಿಕೊಟ್ಟೆ: "ಮೊದಲು ಗೋಡೆಯಿಂದ ಬರುವ ಇಂಟರ್ನೆಟ್ ತಂತಿ ಕೀಳಿ. ಈಗ ಫೈರ್‌ವಾಲ್ ಹಚ್ಚಿ. ಆಯ್ತಾ? ಈಗ ತಂತಿ ಸಿಕ್ಕಿಸಿ." ಈ ಕ್ರಮ ತಪ್ಪಿದರೆ, ವಿಂಡೋಸ್‌ನ ದೋಷ ಮುಚ್ಚುವ ತೇಪೆ (ಪ್ಯಾಚ್) ಇಳಿಯುವುದರೊಳಗೇ ಹುಳು ಒಳಗೆ ಬರುತ್ತಿತ್ತು. ಡಯಲ್ ಅಪ್ ಇದ್ದವರಿಗೆ ತೇಪೆಯನ್ನು ಸಿಡಿಗೆ ಬರೆದು ಮನೆಮನೆಗೆ ಕೊಟ್ಟೆ. ಇಷ್ಟರ ನಡುವೆ ಕೆಲವರ ಮನೆಗಳಿಗೆ ಏನೂ ಆಗಿರಲಿಲ್ಲ. ವಿಚಾರಿಸಿದರೆ ಎರಡೇ ಕಾರಣ. ಕೆಲವರು ಎರಡು ಕಂಪ್ಯೂಟರಿಗೆ ಇಂಟರ್ನೆಟ್ ಹಂಚಲು ಸಣ್ಣದೊಂದು ರೌಟರ್ ತಂದಿಟ್ಟಿದ್ದರು, ಹೊರಗಿನಿಂದ ಕರೆಯದೆ ಬಂದದ್ದನ್ನು ಅದು ಒಳಗೆ ಬಿಟ್ಟಿರಲಿಲ್ಲ. ಉಳಿದವರು ವಿಂಡೋಸ್ ಅಪ್‌ಡೇಟ್ ತಾನಾಗಿ ನಡೆಯುವಂತೆ ಬಿಟ್ಟಿದ್ದರು. ಆ ತೇಪೆ ಜುಲೈ 16ರಂದೇ ಬಂದಿತ್ತು, ಹುಳು ಹೊರಡುವುದಕ್ಕೆ ಹೆಚ್ಚುಕಡಿಮೆ ನಾಲ್ಕು ವಾರ ಮೊದಲು. 2017ರ ಮೇ 12ರ ‘ವಾನಾಕ್ರೈ’ ದಾಳಿಯಲ್ಲೂ ಇದೇ ಕಥೆ, ಅದರ ತೇಪೆ ಮಾರ್ಚ್ ತಿಂಗಳಲ್ಲೇ ಸಿದ್ಧವಿತ್ತು. ಅಪ್‌ಡೇಟ್ ಕೇಳಿದಾಗ ‘ನಾಳೆ ನೋಡೋಣ’ ಎನ್ನುವವರಿಗೆ ನಾನು ಈ ತಾರೀಖುಗಳನ್ನೇ ಹೇಳುತ್ತೇನೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಚೆನ್ನಾಗಿ ಓಡುತ್ತಿದೆಯೆಂದು ತೇಪೆ ಬಾರದ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಬಾರದು.

ಪೆನ್ ಡ್ರೈವ್‌ಗಳ ಕಾಲ ಆಮೇಲಿನದು. ಊರಿಂದ ಬರುವವರು ಚಟ್ನಿಪುಡಿ, ಹಪ್ಪಳದ ಜೊತೆ ತಮ್ಮನ ಮದುವೆಯ ಫೋಟೊಗಳನ್ನು ಸ್ಟುಡಿಯೊದಲ್ಲಿ ತುಂಬಿಸಿಕೊಂಡು ತರುತ್ತಿದ್ದರು. ಸಿಕ್ಕಿಸಿ ತೆರೆದರೆ ‘ಮುಹೂರ್ತ’, ‘ಆರತಕ್ಷತೆ’ ಎಂದೆಲ್ಲ ಹಳದಿ ಫೋಲ್ಡರುಗಳು. ಕಡತದ ಬಾಲ ಕಾಣುವಂತೆ ಮಾಡಿಟ್ಟಿದ್ದ ಕಂಪ್ಯೂಟರಿನಲ್ಲಿ ಅವುಗಳ ನಿಜರೂಪ ಬಯಲಾಗುತ್ತಿತ್ತು: ‘ಮುಹೂರ್ತ’ದ ಮುಂದೆ ‘ಇಎಕ್ಸ್‌ಇ’. ಚಿತ್ರ ಫೋಲ್ಡರಿನದು, ಒಳಗಿರುವುದು ಪ್ರೋಗ್ರಾಂ. ನಿಜವಾದ ಫೋಲ್ಡರನ್ನು ಅದು ಮರೆಮಾಡಿ, ಅದರ ಹೆಸರು ಹೊತ್ತು ಕೂತಿರುತ್ತದೆ. ಫೋಟೊ ಹೋಯಿತೆಂದು ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಮರೆಯಾದ ಕಡತಗಳನ್ನು ತೋರಿಸು ಎಂದು ವಿಂಡೋಸ್‌ಗೆ ಹೇಳಿದರೆ ಎಲ್ಲವೂ ಅಲ್ಲೇ ಇರುತ್ತವೆ. 2008ರ ಕೊನೆಯಲ್ಲಿ ಬಂದ ‘ಕಾನ್‌ಫಿಕರ್’ ಹುಳುವಿಗೂ ಪೆನ್ ಡ್ರೈವ್ ಒಂದು ದಾರಿಯಾಗಿತ್ತು. ಸಿಕ್ಕಿಸಿದೊಡನೆ ತಾನಾಗಿ ಓಡುವ ಸೌಲಭ್ಯವನ್ನು ಹಳೆಯ ವಿಂಡೋಸ್‌ಗಳಲ್ಲಿ ನಿಲ್ಲಿಸುವ ಅಪ್‌ಡೇಟ್ ಎಲ್ಲರಿಗೂ ತಲುಪಿದ್ದು 2011ರ ಫೆಬ್ರುವರಿಯಲ್ಲಿ.

ಈಗಿನ ದೊಡ್ಡ ಅಪಾಯ ಬೇರೆಯದು, ಅದಕ್ಕೆ ಗುರಿ ನಮ್ಮ ಹಿರಿಯರು. ಹಾಸನದಿಂದ ಮಗಳ ಮನೆಗೆಂದು ಮಿಷಿಗನ್ನಿನ ಟ್ರಾಯ್‌ಗೆ ಬಂದಿದ್ದ ಹಿರಿಯರೊಬ್ಬರು ಮಧ್ಯಾಹ್ನ ಒಬ್ಬರೇ ಕೂತು ಧಾರಾವಾಹಿ ಹುಡುಕುತ್ತಿದ್ದರು. ಪರದೆ ಕೆಂಪಾಗಿ, ಸೈರನ್ ಕೂಗಿ, ಕಂಪ್ಯೂಟರ್ ಆರಿಸಬೇಡಿ, ಈ ನಂಬರಿಗೆ ಕರೆಮಾಡಿ ಎಂಬ ಸೂಚನೆ ಬಂತು. ಕರೆ ಮಾಡಿದರೆ ಆ ಕಡೆ ನಮ್ಮ ದೇಶದವರದೇ ದನಿ. ಪರದೇಶದಲ್ಲಿ ಆ ದನಿಯೇ ಅರ್ಧ ಧೈರ್ಯ ಕೊಟ್ಟಿತು. ಅವನು ದೂರದಿಂದಲೇ ಕಂಪ್ಯೂಟರ್ ನಡೆಸುವ ತಂತ್ರಾಂಶ ಹಾಕಿಸಿ, ವಿಂಡೋಸ್‌ನ ಘಟನೆಗಳ ದಾಖಲೆ ತೆರೆದು, "ನೋಡಿ ಅಂಕಲ್, ಈ ಕೆಂಪು ಗುರುತೆಲ್ಲ ವೈರಸ್" ಎಂದ. ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಆ ಕೆಂಪು ಗುರುತುಗಳು ರಾಶಿ ಇರುತ್ತವೆ. ಬ್ಯಾಂಕ್ ಖಾತೆ ತೆರೆಯಲು ಹೇಳಿದಾಗ ಅವರಿಗೆ ಅನುಮಾನ ಬಂದು ಮಗಳಿಗೆ ಫೋನ್ ಮಾಡಿದರು, ಆಕೆ ನನಗೆ ಮಾಡಿದಳು. ಇಂಟರ್ನೆಟ್ ಕೀಳಿಸಿದೆ. ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ ಬ್ಯಾಂಕಿಗೆ ತಿಳಿಸಿದರು. ವಾರಾಂತ್ಯದಲ್ಲಿ ವಿಂಡೋಸ್ ಅನ್ನೇ ಹೊಸದಾಗಿ ಹಾಕಿದೆವು. ಹಣ ಉಳಿಯಿತು. ಇಂಥದೇ ಇನ್ನೊಂದು ಮನೆಯಲ್ಲಿ ಹಿರಿಯರು ಮಕ್ಕಳು ಬೈದಾರೆಂದು ವಿಷಯ ಮುಚ್ಚಿಟ್ಟರು, ಅಷ್ಟರಲ್ಲಿ ಖಾತೆ ಖಾಲಿಯಾಗಿತ್ತು. ಪರದೆಯ ಮೇಲೆ ಬಂದ ನಂಬರಿಗೆ ಎಂದೂ ಕರೆ ಮಾಡಬಾರದು. ಪವರ್ ಗುಂಡಿಯನ್ನು ಕಂಪ್ಯೂಟರ್ ಆರುವವರೆಗೆ ಒತ್ತಿ ಹಿಡಿದರೆ ಆ ಸೈರನ್ ನಿಲ್ಲುತ್ತದೆ. ಗಿಫ್ಟ್ ಕಾರ್ಡ್ ತಂದು ನಂಬರ್ ಓದಿ ಎಂದವನು ಯಾರೇ ಆಗಲಿ, ಕಳ್ಳನೇ. ಅಮೆರಿಕದಲ್ಲಾದರೆ ಎಫ್‌ಬಿಐನ ಐಸಿ3 ತಾಣದಲ್ಲಿ, ಭಾರತದಲ್ಲಾದರೆ 1930ಕ್ಕೆ ಕೂಡಲೇ ದೂರು ಕೊಡಬೇಕು.

ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಒತ್ತೆ ವೈರಸ್ ಮನೆಗಳನ್ನು ಜೋರಾಗಿ ಕಾಡತೊಡಗಿದ್ದು 2013ರ ‘ಕ್ರಿಪ್ಟೊಲಾಕರ್’ ಕಾಲದಿಂದ. ಅರೋರಾ ಊರಿನ ಸ್ನೇಹಿತರ ಮನೆಯಲ್ಲಿ ಮಗುವಿನ ನಾಮಕರಣದಿಂದ ಹಿಡಿದು ತಂದೆಯ ಷಷ್ಟ್ಯಬ್ದಿಯವರೆಗಿನ ಚಿತ್ರಗಳಿಗೆಲ್ಲ ಬೀಗ ಬಿತ್ತು. ಬ್ಯಾಕಪ್ ಡಿಸ್ಕ್ ಇತ್ತು, ಆದರೆ ಅದು ಸದಾ ಕಂಪ್ಯೂಟರಿಗೆ ಅಂಟಿಕೊಂಡೇ ಇತ್ತು, ಅದರೊಳಗಿನ ಚಿತ್ರಗಳೂ ಹೋದವು. ಕೊನೆಗೆ ಮೈಸೂರಿನ ಅಜ್ಜಿಯ ಮನೆಗೆ ಕಳಿಸಿದ್ದ ಡಿವಿಡಿಗಳಿಂದ ಬಹುಪಾಲು ಮರಳಿ ಬಂದವು. ಪಾಠ ಎರಡು. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಮೇಲೆ ಬಿಚ್ಚಿ ಕಪಾಟಿನಲ್ಲಿಡಬೇಕು, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಬೇಕು. ಬೀಗ ಬಿದ್ದ ಡಿಸ್ಕನ್ನೂ ಎಸೆಯಬಾರದು. ಕ್ರಿಪ್ಟೊಲಾಕರ್‌ನ ಕೀಲಿಗಳು 2014ರಲ್ಲಿ ಭದ್ರತಾ ತಜ್ಞರ ಕೈಗೆ ಸಿಕ್ಕಿ ಎಷ್ಟೋ ಜನಕ್ಕೆ ಕಡತಗಳು ಮರಳಿದವು. 2016ರಿಂದ ‘ನೋ ಮೋರ್ ರ‍್ಯಾನ್ಸಮ್’ ತಾಣ ಅಂಥ ಕೀಲಿಗಳನ್ನು ಪುಕ್ಕಟೆಯಾಗಿ ಕೊಡುತ್ತಿದೆ.

ಯಾರಾದರೂ ಹೊಸ ಕಂಪ್ಯೂಟರ್ ತಂದರೆ ನಾನೀಗ ಒಂದೇ ಸಂಜೆಯಲ್ಲಿ ಇಷ್ಟು ಮಾಡಿಕೊಡುತ್ತೇನೆ. ಅಪ್‌ಡೇಟ್ ತಾನಾಗಿ ನಡೆಯಲಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮತ್ತು ಫೈರ್‌ವಾಲ್ ಹಚ್ಚಿರಲಿ, ಮನೆಬಳಕೆಗೆ ಅಷ್ಟು ಸಾಕು. ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆ ಇರಲಿ, ಹಿರಿಯರಿಗೂ ಮಕ್ಕಳಿಗೂ ಬೇರೆ ಬೇರೆ. ಆಗ ಏನನ್ನಾದರೂ ಕಂಪ್ಯೂಟರಿನ ಆಳಕ್ಕೆ ಇಳಿಸಬೇಕಾದರೆ ಪಾಸ್‌ವರ್ಡ್ ಬೇಕಾಗುತ್ತದೆ, ಮನೆಯ ಇನ್ನೊಬ್ಬರನ್ನು ಕೇಳಲೇಬೇಕಾಗುತ್ತದೆ. ಬೆರಳಿನ ಹಳೆಯ ಅಭ್ಯಾಸಕ್ಕೆ ತಡೆ ಬೀಳುವುದು ಅಲ್ಲಿಯೇ. ಇಮೇಲ್‌ಗೂ ಬ್ಯಾಂಕಿಗೂ ಬೇರೆ ಬೇರೆ ಪಾಸ್‌ವರ್ಡ್, ಜೊತೆಗೆ ಎರಡನೇ ಹಂತದ ಪರಿಶೀಲನೆ. ತಿಂಗಳಿಗೊಮ್ಮೆ ಬ್ಯಾಕಪ್.

ಪಾಸ್‌ವರ್ಡಿಗಾಗಿ ಹೀಗೆ ಇನ್ನೊಬ್ಬರನ್ನು ಕೇಳುವ ರೂಢಿ ಮನೆಯಲ್ಲಿ ಉಳಿಯಬೇಕಾದರೆ ಕೇಳಿದವರನ್ನು ಹಂಗಿಸಬಾರದು. "ಅಷ್ಟೂ ಗೊತ್ತಾಗಲ್ವಾ ಅಪ್ಪಾ?" ಎಂದು ಒಮ್ಮೆ ಅಂದರೆ ಸಾಕು, ಅವರು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಧಾರಾವಾಹಿ ನೋಡುವ ಆಸೆ, ಊರಿನ ಸುದ್ದಿಯ ಹಂಬಲ ತಪ್ಪಲ್ಲ. ಅದಕ್ಕೆ ಸರಿಯಾದ ದಾರಿ ತೋರಿಸುವುದು ಮಕ್ಕಳಾದ ನಮ್ಮ ಕರ್ತವ್ಯ. ಅಪ್ಪ ಅಮ್ಮ ಬಂದ ಮೊದಲ ವಾರದಲ್ಲೇ ಅವರ ಪಕ್ಕ ಕೂತು, ನೋಡಬೇಕಾದ ತಾಣಗಳನ್ನು ಅವರ ಖಾತೆಯಲ್ಲಿ ಗುರುತು ಹಾಕಿಕೊಡಿ. ಏನೇ ವಿಚಿತ್ರ ಕಂಡರೂ, ಆಫೀಸಿನಲ್ಲಿದ್ದರೂ, ನಡುರಾತ್ರಿಯಾದರೂ ಮೊದಲು ನಮಗೇ ಫೋನ್ ಮಾಡಿ ಎಂದು ಬಾಯಿಬಿಟ್ಟು ಹೇಳಿ. ಫೋನ್ ಬಂದಾಗ ಸಿಡುಕದೆ ಎತ್ತಿ.